ಮಾಸಿನೊಳಗಿನ ಹಳೆಯ ವೈರಸ್

ಮನುಷ್ಯನ ಜೀನೋಮಿನಲ್ಲಿ ಸುಮಾರು 300 ಕೋಟಿ ಡಿಎನ್‌ಎ ಅಕ್ಷರಗಳಿವೆ. ಪ್ರೋಟೀನು ತಯಾರಿಸುವ ಸೂಚನೆಗಳಿಗೆ ಅದರಲ್ಲಿ ಶೇ. 2ರಷ್ಟೂ ಖರ್ಚಾಗಿಲ್ಲ. ಹಿಂದೆಂದೋ ಸೋಂಕು ತಂದ ರೆಟ್ರೊವೈರಸ್‌ಗಳ ಅವಶೇಷ ಮಾತ್ರ ಸುಮಾರು ಶೇ. 8ರಷ್ಟಿದೆ. ಎಚ್‌ಐವಿ ಕೂಡ ಇದೇ ಬಳಗದ್ದು. ಈ ಬಗೆಯ ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲು ಮಾಡಿ, ಹೊಕ್ಕ ಜೀವಕೋಶದ ಡಿಎನ್‌ಎಯೊಳಕ್ಕೇ ಸೇರಿಸಿಬಿಡುತ್ತದೆ. ಅದು ರಕ್ತದ ಕೋಶವಾಗಿದ್ದರೆ ಆ ಜೀವಿಯ ಸಾವಿನೊಂದಿಗೆ ಕಥೆ ಮುಗಿಯಿತು. ಅಂಡಾಣುವಿಗೋ ವೀರ್ಯಾಣುವಿಗೋ ಸೇರಿಕೊಂಡಿತೆಂದರೆ ಮಕ್ಕಳು, ಮೊಮ್ಮಕ್ಕಳಿಗೆ ಇಳಿಯುತ್ತ ಹೋಗುತ್ತದೆ. ಹೀಗೆ ಬಂದದ್ದನ್ನೆಲ್ಲ ಕೆಲಸಕ್ಕೆ ಬಾರದ ಕಸವೆಂದು ತಳ್ಳಿಹಾಕುವವರಿದ್ದಾರೆ, ವರವೆಂದು ಹಿಗ್ಗುವವರೂ ಇದ್ದಾರೆ. ಆದರೆ ಒಂದು ಜೀನ್ ಎಲ್ಲಿಂದ ಬಂತು ಎಂದು ತಿಳಿದ ಮಾತ್ರಕ್ಕೆ ಅದು ಈಗ ಏನು ಮಾಡುತ್ತಿದೆ ಎಂದು ಹೇಳಲಾಗದು. ಮಾಸು ಅಥವಾ ಜರಾಯು ಇದಕ್ಕೆ ಒಳ್ಳೆಯ ಸಾಕ್ಷಿ.

ಗರ್ಭದಲ್ಲಿ ಮಾಸಿನ ಹೊರಪದರ ತಾಯಿಯ ರಕ್ತಕ್ಕೆ ನೇರವಾಗಿ ತಾಗಿಕೊಂಡಿರುತ್ತದೆ. ಅಲ್ಲಿನ ಕೋಶಗಳು ನಡುವಿನ ಗೋಡೆ ಕಳೆದುಕೊಂಡು, ಹಲವು ಕೋಶಕೇಂದ್ರಗಳುಳ್ಳ ಒಂದೇ ಹಾಳೆಯಾಗಿ ಬೆಸೆದುಕೊಂಡಿರುತ್ತವೆ. ಆಮ್ಲಜನಕ, ಪೋಷಕಾಂಶಗಳು ಶಿಶುವಿಗೆ ದಾಟುವುದು ಈ ಹಾಳೆಯ ಮೂಲಕ. ಬೆಸೆಯುವ ಕೆಲಸಕ್ಕೆ ಸಿನ್ಸಿಟಿನ್ ಎಂಬ ಪ್ರೋಟೀನು ಬೇಕು. ಅದರ ಜೀನ್ ಒಂದು ರೆಟ್ರೊವೈರಸ್‌ನ ಹೊರಕವಚದ ಜೀನ್ ಎಂಬುದು 2000ದಲ್ಲಿ ಬೆಳಕಿಗೆ ಬಂತು. ವೈರಸ್ ತನ್ನ ಪೊರೆಯನ್ನು ನಮ್ಮ ಕೋಶದ ಪೊರೆಗೆ ಬೆಸೆದು ಒಳನುಗ್ಗಲು ಇಂಥ ಪ್ರೋಟೀನನ್ನು ಬಳಸುತ್ತದೆ. ಹಳೆಮನೆಯ ತೊಲೆ ಕೊಟ್ಟಿಗೆಗೆ ಒದಗಿದಂತೆ, ನುಗ್ಗಲು ಇದ್ದ ಉಪಾಯ ಕೋಶಕ್ಕೆ ಕೋಶವನ್ನು ಕೂಡಿಸಲು ಒದಗಿತು.

ಜೀನ್ ಮೊದಲಿನಿಂದ ನಮ್ಮದೇ ಆಗಿದ್ದು, ವೈರಸ್ಸೇ ಅದನ್ನು ಕದ್ದಿರಬಾರದೇಕೆ? ಕೇಳತಕ್ಕ ಪ್ರಶ್ನೆಯೇ. ವೈರಸ್‌ಗಳು ಜೀನ್ ಕದಿಯುವುದುಂಟು. ಆದರೆ ನಮ್ಮ 7ನೇ ಕ್ರೋಮೋಸೋಮಿನಲ್ಲಿರುವ ಈ ಜೀನ್ ಒಂಟಿಯಾಗಿಲ್ಲ. ಪಕ್ಕದಲ್ಲೇ ವೈರಸ್‌ನ ಉಳಿದ ಜೀನ್‌ಗಳು ಮುರಿದ ಸ್ಥಿತಿಯಲ್ಲಿವೆ, ಎರಡೂ ತುದಿಗಳಲ್ಲಿ ರೆಟ್ರೊವೈರಸ್ ಸೇರಿಕೊಂಡಾಗ ಉಳಿಯುವ ಜೋಡಿ ಗುರುತುಗಳಿವೆ. ಚಿಂಪಾಂಜಿ, ಗೊರಿಲ್ಲಾಗಳಲ್ಲೂ ಅದು ಅದೇ ಜಾಗದಲ್ಲಿದೆ. ಅಂದರೆ ಸೋಂಕು ತಗುಲಿದ್ದು ನಮ್ಮೆಲ್ಲರ ಪೂರ್ವಜರಿಗೆ. ಇಲಿಯ ಮಾಸಿಗೂ ಸಿನ್ಸಿಟಿನ್ ಉಂಟು, ಆದರೆ ಅದು ಬೇರೆ ವೈರಸ್‌ನಿಂದ ಬಂದದ್ದು, ಜೀನೋಮಿನಲ್ಲಿ ಅದರ ಜಾಗವೂ ಬೇರೆ. ಮೊಲ, ದನ, ನಾಯಿ-ಬೆಕ್ಕುಗಳ ವಂಶಗಳಲ್ಲೂ ಹೀಗೆಯೇ. ಎಲ್ಲ ಸಸ್ತನಿಗಳ ಆದಿಪೂರ್ವಜನಿಂದ ಇಳಿದ ಒಂದೇ ಜೀನ್ ಆಗಿದ್ದರೆ ಈ ವ್ಯತ್ಯಾಸಕ್ಕೆ ಕಾರಣ ಸಿಗದು.

ಹಾಗಿದ್ದರೆ ಶೇ. 8ರಷ್ಟೂ ಉಪಯುಕ್ತವೇ ಇರಬೇಕೆಂದು ಕೆಲವರು ವಾದಿಸುತ್ತಾರೆ. ಅದಕ್ಕೆ ಆಧಾರವಿಲ್ಲ. ಬಹುಪಾಲು ತುಣುಕುಗಳು ರೂಪಾಂತರಗಳಿಂದ ಹಾಳಾಗಿವೆ; ಎಷ್ಟೋ ಕಡೆ ನಡುವಿನ ಜೀನ್‌ಗಳೆಲ್ಲ ಅಳಿದು ತುದಿಯ ಗುರುತೊಂದೇ ಉಳಿದಿದೆ. ವೈರಸ್ ಉಪಕಾರ ಮಾಡಲೆಂದು ಬರುವುದೂ ಇಲ್ಲ. ಆಸ್ಟ್ರೇಲಿಯಾದ ಕೋಲಾಗಳ ಜೀನೋಮಿಗೆ ಒಂದು ರೆಟ್ರೊವೈರಸ್ ಈಗಲೂ ಸೇರಿಕೊಳ್ಳುತ್ತಿದೆ. ಉತ್ತರದ ಕ್ವೀನ್ಸ್‌ಲ್ಯಾಂಡಿನ ಕೋಲಾಗಳಲ್ಲಿ ಅದು ಹುಟ್ಟಿನಿಂದಲೇ ಬಂದಿರುತ್ತದೆ, ದಕ್ಷಿಣದಲ್ಲಿ ಅಷ್ಟಾಗಿ ಹರಡಿಲ್ಲ. ರಕ್ತದ ಕ್ಯಾನ್ಸರಿಗೂ ಅದಕ್ಕೂ ನಂಟಿದೆ. ನಮ್ಮ ಪೂರ್ವಜರೂ ಇಂಥ ಬೆಲೆ ತೆತ್ತಿದ್ದಿರಬಹುದು.

ಆದ್ದರಿಂದ ಯಾವ ತುಣುಕು ಕೆಲಸದ್ದು ಎಂಬುದನ್ನು ಒಂದೊಂದಾಗಿಯೇ ಪರೀಕ್ಷಿಸಬೇಕು. ಫ್ರಾನ್ಸಿನ ತಿಯರಿ ಹೈಡ್ಮನ್ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಮಾದರಿ. ಇಲಿಗಳಲ್ಲಿ ಸಿನ್ಸಿಟಿನ್-ಎ ಜೀನನ್ನು ಅವರು ತೆಗೆದುಹಾಕಿದರು. ಮಾಸಿನ ಕೋಶಗಳು ಸರಿಯಾಗಿ ಬೆಸೆಯಲಿಲ್ಲ. ಸುಮಾರು 20 ದಿನಗಳ ಗರ್ಭದಲ್ಲಿ 11ರಿಂದ 14ನೇ ದಿನದೊಳಗೆ ಭ್ರೂಣಗಳು ಸತ್ತವು. ವೈರಸ್ಸೇ ನಮ್ಮನ್ನು ಮನುಷ್ಯರನ್ನಾಗಿಸಿತು ಎಂಬಂಥ ಸುದ್ದಿ ಓದಿದಾಗ ಕೇಳಬೇಕಾದದ್ದೂ ಇದನ್ನೇ: ಆ ತುಣುಕನ್ನು ತೆಗೆದರೆ ಏನಾದರೂ ಕೆಡುತ್ತದೆಯೇ? ಕೆಡುತ್ತದೆಂದು ತೋರಿಸುವವರೆಗೆ ಅದನ್ನು ಹಳೆಯ ಸೋಂಕಿನ ಗುರುತು ಎನ್ನಬಹುದು, ಅದಕ್ಕಿಂತ ಹೆಚ್ಚೇನೂ ಹೇಳಲಾಗದು.