ಮೈನೆರೆದ ಮೇಲೆ ಯಾರೂ ಹೇಳದ ಮಾತುಗಳು

ಹುಡುಗಿ ಮೈನೆರೆದರೆ ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ. ನೆಂಟರು ಚಿಗಳಿ, ಕೊಬ್ಬರಿ, ಬೆಲ್ಲ ತಂದು ಆರತಿ ಎತ್ತುತ್ತಾರೆ. ಸುದ್ದಿ ಊರಿಗೆಲ್ಲ ಗೊತ್ತು. ಮೈಯೊಳಗೆ ಏನಾಗುತ್ತಿದೆ ಎಂದು ಅವಳಿಗೆ ಹೇಳುವವರು ಮಾತ್ರ ಆ ಗುಂಪಿನಲ್ಲಿ ಸಿಗುವುದು ಕಷ್ಟ. ಅವಳ ಅಣ್ಣನಿಗಂತೂ ಆರತಿಯೂ ಇಲ್ಲ, ಮಾತೂ ಇಲ್ಲ. ಅವನ ಮೇಷ್ಟ್ರು ಬಸ್‌ಸ್ಟ್ಯಾಂಡ್ ಗೋಡೆಯ ‘ಗುಪ್ತರೋಗ’ದ ಜಾಹೀರಾತು, ಈಗೀಗ ಮೊಬೈಲು.

ಈ ಮೌನದಲ್ಲಿ ಬೆಳೆದ ನಂಬಿಕೆಗಳಲ್ಲಿ ಮೊದಲನೆಯದು: ‘ಮುಟ್ಟಿನದು ಕೆಟ್ಟ ರಕ್ತ.’ ಅಲ್ಲ. ಗರ್ಭ ನಿಲ್ಲದ ತಿಂಗಳು ಗರ್ಭಕೋಶದ ಒಳಪದರ ಕಳಚಿ ರಕ್ತದ ಜೊತೆ ಬರುತ್ತದೆ, ಅಷ್ಟೆ. ಒಂದು ಸಲಕ್ಕೆ ಹೋಗುವುದು ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್. 80 ದಾಟಿದರೆ ವೈದ್ಯರಿಗೆ ತೋರಿಸಬೇಕು. ಮೊದಲ ಎರಡು ಮೂರು ವರ್ಷ 21ರಿಂದ 45 ದಿನಗಳ ನಡುವೆ ಯಾವಾಗ ಆದರೂ ಗಾಬರಿ ಬೇಡ. ಮುಟ್ಟಾದವರು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದಂತೆ! ಕೆಡಿಸುವುದು ಒದ್ದೆ ಸೌಟು. ನಗು ಬರುವ ನಂಬಿಕೆ ಇದಾದರೆ, ತುಮಕೂರು, ಚಿತ್ರದುರ್ಗ ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯಿಂದ ಹೊರಗಿಡುವ ಪದ್ಧತಿಯಲ್ಲಿ ನಗುವಂಥದ್ದು ಏನೂ ಇಲ್ಲ. ಚಳಿ, ಮಳೆ, ಹಾವು ಯಾವುದೂ ಸೂತಕ ನೋಡಿ ಬರುವುದಿಲ್ಲ.

‘ದೊಡ್ಡವಳಾದಳು, ಇನ್ನು ಮದುವೆ ಮಾಡಬಹುದು.’ ಋತುಮತಿಯಾದ ಮೇಲೂ ಸೊಂಟದ ಮೂಳೆಗಳು ವರ್ಷಗಟ್ಟಲೆ ಬೆಳೆಯುತ್ತವೆ. ಎಳೆಯ ಮೈಯ ಬಸುರಿನಲ್ಲಿ ತಾಯಿಗೂ ಮಗುವಿಗೂ ಅಪಾಯ ಹೆಚ್ಚು. 18 ತುಂಬದ ಹುಡುಗಿಯ ಮದುವೆ ಕರ್ನಾಟಕದಲ್ಲಿ 2016ರ ತಿದ್ದುಪಡಿಯ ಪ್ರಕಾರ ಮೊದಲಿನಿಂದಲೇ ಅಸಿಂಧು.

ಹುಡುಗರ ಭಯ ಬೇರೆ: ‘ಒಂದು ತೊಟ್ಟು ವೀರ್ಯಕ್ಕೆ ನಲವತ್ತು ತೊಟ್ಟು ರಕ್ತ.’ ವೀರ್ಯ ರಕ್ತದಿಂದ ಬಟ್ಟಿ ಇಳಿಸಿದ್ದಲ್ಲ. ವೃಷಣ, ವೀರ್ಯಕೋಶ, ಪ್ರಾಸ್ಟೇಟ್ ಗ್ರಂಥಿಗಳು ಅದನ್ನು ಸದಾ ತಯಾರಿಸುತ್ತಲೇ ಇರುತ್ತವೆ. ನಿದ್ದೆಯಲ್ಲಿ ಹೋಗುವುದರಿಂದಾಗಲಿ ಹಸ್ತಮೈಥುನದಿಂದಾಗಲಿ ನರ ಸೋಲುವುದಿಲ್ಲ, ಕಣ್ಣು ಮಂಜಾಗುವುದಿಲ್ಲ, ಗಂಡಸುತನ ಹೋಗುವುದಿಲ್ಲ. ಸುಸ್ತು, ನಿದ್ದೆಗೇಡು ನಿಜ. ಆದರೆ ಅವು ಭಯದಿಂದ ಹುಟ್ಟಿದವು. ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ಇದನ್ನು ಗುರುತಿಸಿ ‘ಧಾತ್ ಸಿಂಡ್ರೋಮ್’ ಎಂದು ಕರೆದರು. ಗೋಡೆ ಜಾಹೀರಾತಿನವರ ವ್ಯಾಪಾರ ನಡೆಯುವುದೇ ಈ ಭಯದ ಮೇಲೆ.

‘ಮೊದಲ ಸಲಕ್ಕೆ ಗರ್ಭ ನಿಲ್ಲುವುದಿಲ್ಲ’ ಎಂಬುದೂ ಸುಳ್ಳು, ನಿಲ್ಲಬಹುದು. ಕನ್ಯಾಪೊರೆ ನೋಡಿ ಶೀಲ ಅಳೆಯುವುದೂ ಸುಳ್ಳು. ಕೆಲವರಿಗೆ ಅದು ಹುಟ್ಟಿನಿಂದಲೇ ತೀರಾ ತೆಳು. ಅತ್ಯಾಚಾರಕ್ಕೆ ಒಳಗಾದವರ ಮೇಲೆ ಇದೇ ನಂಬಿಕೆಯಿಂದ ಮಾಡುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ ನಡೆಸಕೂಡದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಖಂಡಿತವಾಗಿ ಹೇಳಿದೆ.

ಎಲ್ಲಕ್ಕಿಂತ ಹಠಮಾರಿ ನಂಬಿಕೆ, ‘ಇದನ್ನೆಲ್ಲ ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ’ ಎಂಬುದು. 2007ರಲ್ಲಿ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದ ರಾಜ್ಯಗಳಲ್ಲಿ ನಮ್ಮದೂ ಒಂದು. ಅಷ್ಟರಲ್ಲಿ ವೈದ್ಯೆ, ಲೇಖಕಿ ಡಾ. ಅನುಪಮಾ ನಿರಂಜನ ಹದಿಹರೆಯದ ಹುಡುಗಿಯರಿಗೆಂದೇ ‘ಕೇಳು ಕಿಶೋರಿ’ ಪುಸ್ತಕ ಬರೆದು ದಶಕಗಳೇ ಕಳೆದಿದ್ದವು! ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ ಯುನೆಸ್ಕೊ ಕಂಡದ್ದು ಬೇರೆಯೇ: ತಿಳಿವಳಿಕೆ ಸಿಕ್ಕ ಮಕ್ಕಳು ಲೈಂಗಿಕ ಸಂಪರ್ಕಕ್ಕೆ ಆತುರಪಡುವುದಿಲ್ಲ, ಎಷ್ಟೋ ಕಡೆ ತಡಮಾಡುತ್ತಾರೆ.

ಮನೆಯಲ್ಲಿ ಬಾಯಿ ಬಾರದಿದ್ದರೆ ಸರ್ಕಾರಿ ಆಸ್ಪತ್ರೆಯ ‘ಸ್ನೇಹ ಕ್ಲಿನಿಕ್’ ಕೇಳಿ. 10ರಿಂದ 19 ವಯಸ್ಸಿನ ಹುಡುಗ ಹುಡುಗಿಯರಿಗೆಂದೇ ಇರುವ ಆಪ್ತಸಮಾಲೋಚನೆ ಅಲ್ಲಿ ಸಿಗುತ್ತದೆ. ಯಾರಾದರೂ ಮೈಮೇಲೆ ಕೈಹಾಕಿದರೆ ಮಕ್ಕಳು ತಾವೇ 1098ಕ್ಕೆ ಫೋನ್ ಮಾಡಬಹುದು; ಆ ಸಂಖ್ಯೆಯನ್ನು ಇವತ್ತೇ ಅವರಿಗೆ ಬಾಯಿಪಾಠ ಮಾಡಿಸಿ.