ಪರದೆಯ ಹಿಂದಿನ ಪ್ರೋಗ್ರಾಂ

ವಿದ್ಯಾರ್ಥಿಯೊಬ್ಬನು ಪೈಥಾನ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದನೆನ್ನೋಣ. ಅವನ ಗಣಕಯಂತ್ರದಲ್ಲಿ ಅದು ಸೊಗಸಾಗಿ ನಡೆಯುತ್ತದೆ. ಗೆಳೆಯನ ಯಂತ್ರದಲ್ಲಿಯಾದರೋ ಮೊಂಡು ಹಿಡಿಯುತ್ತದೆ. ಬರೆದವನ ತಪ್ಪೇನೂ ಇಲ್ಲ. ಆ ಪ್ರೋಗ್ರಾಂ ನೆಚ್ಚಿಕೊಂಡಿದ್ದ ಲೈಬ್ರರಿಗಳ ಆವೃತ್ತಿ ಅಲ್ಲಿ ಬೇರೆಯಾಗಿತ್ತು. ಆದಕಾರಣ ಪ್ರೋಗ್ರಾಮಿನೊಡನೆ ಅದಕ್ಕೆ ಬೇಕಾದ ಕಡತಗಳೆಲ್ಲವನ್ನೂ ಒಂದೇ ಗಂಟಾಗಿ ಕಟ್ಟಿ ಕಳುಹಿಸಬಾರದೇಕೆ? ‘ಕಂಟೇನರ್’ ಹುಟ್ಟಿದ್ದು ಈ ಪ್ರಶ್ನೆಯಿಂದ. 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು ಅಮೆರಿಕದ ನ್ಯೂಅರ್ಕಿನಿಂದ 58 ಲೋಹದ ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್ನಿಗೆ ಹೊರಟಿತಷ್ಟೆ. ಸರಕನ್ನು ಬಿಚ್ಚದೆಯೇ ಲಾರಿಯಿಂದ ಹಡಗಿಗೆ ದಾಟಿಸುವ ಅಂತಹ ಪೆಟ್ಟಿಗೆಗಳ ಹೆಸರನ್ನೇ ತಂತ್ರಾಂಶದವರೂ ಎರವಲು ಪಡೆದರು.

ಆದರೆ ಪೆಟ್ಟಿಗೆಯೆಂದೊಡನೆ ಯಂತ್ರದೊಳಗೊಂದು ಪುಟ್ಟ ಯಂತ್ರವನ್ನು ವಾಚಕರು ಕಲ್ಪಿಸಿಕೊಳ್ಳಬಾರದು. ಲಿನಕ್ಸ್ ವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಒಂದು ಯಂತ್ರದಲ್ಲಿ ನೂರು ಕಂಟೇನರುಗಳಿದ್ದರೂ ಕರ್ನೆಲ್ ಒಂದೇ. ಒಳಗಿರುವುದು ಸಾಮಾನ್ಯ ಪ್ರೋಗ್ರಾಮೇ. ಅದರ ಮುಂದೆ ಕರ್ನೆಲ್ ಒಂದು ಪರದೆ ಹಿಡಿದಿರುತ್ತದೆ. ಪರದೆಯ ಈಚೆಗಿನ ಕಡತಗಳು, ಜಾಲ, ನಡೆಯುತ್ತಿರುವ ಪ್ರೋಗ್ರಾಮುಗಳು ಮಾತ್ರ ಅದಕ್ಕೆ ಗೋಚರ. ಹೊರಗಿನ ಲೆಕ್ಕದಲ್ಲಿ 4512ನೆಯದಾದ ಪ್ರೋಗ್ರಾಂ ಒಳಗೆ ತಾನೇ ಮೊದಲನೆಯದೆಂದು ತಿಳಿದಿರುತ್ತದೆ! ಈ ಪರದೆಯೇ ‘ನೇಮ್‌ಸ್ಪೇಸ್’. ಯಾರಿಗೆ ಎಷ್ಟು ಮೆಮೊರಿ ಎಂದು ಪಡಿ ಅಳೆದು ಕೊಡುವ ‘ಸಿಗ್ರೂಪ್’ 2008ರಲ್ಲಿ ಲಿನಕ್ಸಿಗೆ ಸೇರಿತು.

ಈ ಸಾಧನಗಳನ್ನು ಬಳಸುವುದು ಬಲ್ಲವರಿಗೂ ತೊಡಕಾಗಿತ್ತು. 2013ರ ಮಾರ್ಚ್ ತಿಂಗಳಲ್ಲಿ ಸಾಲೊಮನ್ ಹೈಕ್ಸ್ ಎಂಬವರು ಪೈಥಾನ್ ಸಮ್ಮೇಳನವೊಂದರಲ್ಲಿ ಐದೇ ನಿಮಿಷಗಳ ಭಾಷಣದಲ್ಲಿ ‘ಡಾಕರ್’ ಅನ್ನು ತೋರಿಸಿದರು. ಅದು ಹೊಸದಾಗಿ ಕಂಡುಹಿಡಿದುದು ಸ್ವಲ್ಪವೇ; ತೊಡಕನ್ನು ಬಿಡಿಸಿದ್ದೇ ಅದರ ಹಿರಿಮೆಯೆಂದು ನಮ್ಮ ಅಭಿಪ್ರಾಯ. ಯಾವ ತಳಹದಿಯ ಮೇಲೆ ಏನೇನನ್ನು ಸೇರಿಸಬೇಕೆಂದು ‘ಡಾಕರ್‌ಫೈಲ್’ ಎಂಬ ಕಡತದಲ್ಲಿ ಅಡುಗೆಯ ವಿಧಾನದಂತೆ ಬರೆದಿಟ್ಟರೆ ಪೆಟ್ಟಿಗೆ ಪದರಪದರವಾಗಿ ಸಿದ್ಧವಾಗುತ್ತದೆ. ಒಂದು ಸಾಲನ್ನು ತಿದ್ದಿದರೆ ಅಲ್ಲಿಂದ ಮುಂದಿನ ಪದರಗಳನ್ನಷ್ಟೇ ಮತ್ತೆ ಕಟ್ಟಿದರಾಯಿತು. ಆದರೆ ಬರೆಯುವವನು ಜೋಕೆಯಿಂದಿರಬೇಕು. ಆವೃತ್ತಿಯ ಸಂಖ್ಯೆಯನ್ನು ಕೊಡದೆ ‘ಇತ್ತೀಚಿನದು’ ಎಂದು ಬರೆದನೋ, ಇಂದು ಕಟ್ಟಿದ ಪೆಟ್ಟಿಗೆಯೂ ಮುಂದಿನ ತಿಂಗಳು ಕಟ್ಟಿದ್ದೂ ಒಂದೇ ಆಗಿರಲಾರವು. ಮೊದಲಿನ ತೊಂದರೆ ಹಿಂಬಾಗಿಲಿನಿಂದ ಮರಳಿತೆಂದೇ ಅರ್ಥ.

ಪರದೆ ಗೋಡೆಯಲ್ಲವೆಂಬುದು 2019ರ ಫೆಬ್ರವರಿಯಲ್ಲಿ ಎಲ್ಲರಿಗೂ ಮನದಟ್ಟಾಯಿತು. ಕಂಟೇನರುಗಳನ್ನು ಚಾಲನೆಗೊಳಿಸುವ ‘ರನ್‌ಸಿ’ ಎಂಬ ಪ್ರೋಗ್ರಾಮಿನಲ್ಲಿ ಒಂದು ದೋಷ ಬಯಲಾಯಿತು. ಒಳಗಿದ್ದ ದುರುದ್ದೇಶದ ಪ್ರೋಗ್ರಾಂ ಹೊರಗಿನ ರನ್‌ಸಿಯನ್ನೇ ಅಳಿಸಿ ತಿದ್ದಿ, ಇಡೀ ಯಂತ್ರದ ಒಡೆತನವನ್ನು ಕಸಿದುಕೊಳ್ಳಬಹುದಾಗಿತ್ತು! ಅಪರಿಚಿತರ ಪ್ರೋಗ್ರಾಮುಗಳನ್ನು ಒಂದೇ ಯಂತ್ರದಲ್ಲಿ ನಡೆಸುವವರಿಗೆ ಇದಕ್ಕಿಂತ ಭಯವಿನ್ನೇನು? ಅಮೆಜಾನ್ ಸಂಸ್ಥೆ ಅದಕ್ಕೆ ಕೆಲವು ತಿಂಗಳ ಹಿಂದೆಯಷ್ಟೇ, 2018ರಲ್ಲಿ, ‘ಫೈರ್‌ಕ್ರ್ಯಾಕರ್’ ಅನ್ನು ಪ್ರಕಟಿಸಿತ್ತು. ಪ್ರತಿಯೊಬ್ಬನಿಗೂ ಬೇರೆ ಕರ್ನೆಲ್ ಉಳ್ಳ ಪುಟ್ಟ ಯಂತ್ರವನ್ನೇ ಅದು ಒದಗಿಸುತ್ತದೆ, ಅದೂ ಒಂದು ಸೆಕೆಂಡಿಗಿಂತ ಕಡಿಮೆ ಕಾಲದಲ್ಲಿ.