ನಿಮಗಿದು ಗೊತ್ತೇ? ಬ್ಯಾಂಡ್ ಸುಮ್ಮನಿದ್ದರೂ ಪದ ಸುಮ್ಮನಿರದು

ನವೆಂಬರ್ ಬಂತೆಂದರೆ ರಾಜಾಜಿನಗರ, ವಿಜಯನಗರದ ಅಡ್ಡರಸ್ತೆಗಳಲ್ಲಿ ಶಾಮಿಯಾನ, ಬಾವುಟ, ಆರ್ಕೆಸ್ಟ್ರಾ. ಸಿನಿಮಾ ಹಾಡುಗಳ ನಡುವೆ ಸಂತ ಶಿಶುನಾಳ ಷರೀಫರದೊಂದು ತತ್ವಪದವೂ ನುಸುಳುತ್ತದೆ. ಆ ಪದಗಳಿಗೆ ಗಿಟಾರ್ ಕಟ್ಟಿದವರು, ವರ್ಷಗಟ್ಟಲೆ ಕಾಯಿಸಿ ಮತ್ತೆ ಆಲ್ಬಂ ತಂದವರು, ಅವರಂತೆಯೇ ಹಳೇ ಹಾಡು ನೆಚ್ಚಿದ ಸ್ವೀಡನ್‌ನವರು: ಎಲ್ಲರ ಬಗ್ಗೆ ಒಂದಿಷ್ಟು ಸಂಗತಿ.

● ಗಾಯಕ ರಘು ದೀಕ್ಷಿತ್ ಅವರ ತಂಡ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ನ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಎರಡನೆಯದು ‘ಜಗ್ ಚಂಗಾ’, 2013ರಲ್ಲಿ. ಮೂರನೆಯ ‘ಶಕ್ಕರ್’ ಸವಿಯಲು ಕೇಳುಗರು ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಹಾಗೆಂದು ರಘು ಕೈಕಟ್ಟಿ ಕೂತಿರಲಿಲ್ಲ. 2020ರ ‘ಲವ್ ಮಾಕ್ಟೇಲ್’ ಚಿತ್ರಕ್ಕೆ ಸಂಗೀತ ಕೊಟ್ಟದ್ದು ಇದೇ ನಡುಗಾಲದಲ್ಲಿ.

● ಮೊದಲ ಆಲ್ಬಂ ಹೊರತಂದದ್ದು ಬಾಲಿವುಡ್ಡಿನ ವಿಶಾಲ್–ಶೇಖರ್ ಜೋಡಿಯ ಕಂಪನಿ. ‘ಗುಡುಗುಡಿಯ ಸೇದಿ ನೋಡೋ’ ಅದರಲ್ಲಿತ್ತು. ಹುಕ್ಕಾ ನೆಪಮಾಡಿ ಅಧ್ಯಾತ್ಮ ಹೇಳುವ ಷರೀಫರ ಪದ ಮುಂಬೈ ಮಾರ್ಗವಾಗಿ ಹೊಸ ಹುಡುಗರ ಕಿವಿಗೆ ಬಿತ್ತು. ಷರೀಫರದೇ ‘ಲೋಕದ ಕಾಳಜಿ’ ಎರಡನೇ ಆಲ್ಬಂನಲ್ಲಿದೆ.

● ರಘು ಓದಿದ್ದು ಮೈಸೂರಿನಲ್ಲಿ, ಸೂಕ್ಷ್ಮಜೀವಿ ವಿಜ್ಞಾನ. ಅದರಲ್ಲಿ ಚಿನ್ನದ ಪದಕವನ್ನೂ ಪಡೆದರು. ಕಲಿತದ್ದು ಭರತನಾಟ್ಯ. ಗಿಟಾರ್ ಹಿಡಿದದ್ದು ಕಾಲೇಜಿನ ಗೆಳೆಯನೊಬ್ಬ ಹಾಕಿದ ಸವಾಲಿಗೆ. ಈಗಲೂ ವೇದಿಕೆಗೆ ಬರುವಾಗ ಬಣ್ಣದ ಪಂಚೆ, ಕಾಲಿಗೆ ಗೆಜ್ಜೆ.

● ಭರತನಾಟ್ಯಕ್ಕೂ ಷರೀಫರಿಗೂ ಅದೇನು ನಂಟೋ! 1990ರ ‘ಸಂತ ಶಿಶುನಾಳ ಷರೀಫ’ ಚಿತ್ರದಲ್ಲಿ ಷರೀಫರಾದ ಶ್ರೀಧರ್ ಕೂಡ ಭರತನಾಟ್ಯ ಕಲಾವಿದರೇ. ಗುರು ಗೋವಿಂದ ಭಟ್ಟರ ಪಾತ್ರ ಗಿರೀಶ ಕಾರ್ನಾಡರದು, ನಿರ್ದೇಶನ ಟಿ.ಎಸ್. ನಾಗಾಭರಣರದು, ಸಂಗೀತ ಸಿ. ಅಶ್ವತ್ಥರದು.

● ಷರೀಫರ ಕಾಲ 1819ರಿಂದ 1889. ಅವರ ಪದಗಳನ್ನು ಮನೆಮನೆಗೆ ಮುಟ್ಟಿಸಿದ ಅಶ್ವತ್ಥರ ಕಾಲ 1939ರಿಂದ 2009. ಇಬ್ಬರಿಗೂ ಎಪ್ಪತ್ತೇ ವರ್ಷದ ಆಯಸ್ಸು. ಡಿಸೆಂಬರ್ 29 ಅಶ್ವತ್ಥರು ಹುಟ್ಟಿದ ದಿನ. ತೀರಿಕೊಂಡದ್ದೂ ಅದೇ ದಿನ.

● ‘ಸ್ವರಾತ್ಮ’ ತಂಡದ ಗಾಯಕ ವಾಸು ದೀಕ್ಷಿತ್, ರಘು ಅವರ ತಮ್ಮ. ಈ ತಂಡದ ಆಲ್ಬಂಗಳ ಲೆಕ್ಕವೂ ಹೀಗೇ: 2009, 2012, ಆಮೇಲೆ ಆರು ವರ್ಷ ಬಿಟ್ಟು 2018ರಲ್ಲಿ ‘ರಾಹ್-ಎ-ಫಕೀರಾ’. ನಮ್ಮ ಜಾತ್ರೆಗಳ ಕೀಲುಕುದುರೆಯಂಥದೇ ಕುದುರೆ ಕಟ್ಟಿಕೊಂಡು ವಾಸು ರಾಕ್ ವೇದಿಕೆಯಲ್ಲಿ ಕುಣಿದದ್ದುಂಟು.

● ಇನ್ನು ಸ್ವೀಡನ್. ಹಳೇ ಪದಗಳಿಗೆ ಗಿಟಾರ್ ಕಟ್ಟಿದವರು ಅಲ್ಲೂ ಇದ್ದಾರೆ. ಸುಂಡ್ಸ್‌ವಾಲ್ ಊರಿನ ‘ಗಾರ್ಮಾರ್ನಾ’ ತಂಡ ಹುಟ್ಟಿದ್ದು 1990ರಲ್ಲಿ. ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಜೊತೆಗೆ ಪಿಟೀಲು, ಹಿಡಿ ತಿರುಗಿಸಿದರೆ ಚಕ್ರ ತಂತಿಯನ್ನು ಉಜ್ಜಿ ನುಡಿಯುವ ಹಳೇ ವಾದ್ಯ, ಹಲ್ಲಿಗೆ ಒತ್ತಿ ಮೀಟುವ ಮೋರ್ಸಿಂಗ್. ಹೌದು, ನಮ್ಮ ಕಛೇರಿಗಳ ಮೋರ್ಸಿಂಗ್ ಜಾತಿಯದೇ.

● ಈ ತಂಡದ ಹೆಸರಾಂತ ಹಾಡು 1996ರ ‘ಹೆರ್ ಮಾನ್ನೆಲಿಗ್’. ಬೆಟ್ಟದ ರಕ್ಕಸಿಯೊಬ್ಬಳು ಯುವ ಸರದಾರನನ್ನು ಮದುವೆಯಾಗೆಂದು ಕೇಳುತ್ತಾಳೆ; ಕುದುರೆ, ಗಿರಣಿ, ಖಡ್ಗ ಎಲ್ಲ ಕೊಡುತ್ತೇನೆನ್ನುತ್ತಾಳೆ. ನೀನು ಕ್ರೈಸ್ತಳಾಗಿದ್ದರೆ ಒಪ್ಪುತ್ತಿದ್ದೆ ಎಂದು ಅವನು ನಿರಾಕರಿಸುತ್ತಾನೆ. ಅಜ್ಜಿಯರ ಕಾಲದ ಈ ಲಾವಣಿಯನ್ನು ಈಗ ಹಲವು ದೇಶಗಳ ಮೆಟಲ್ ತಂಡಗಳು ಹಾಡುತ್ತವೆ.

● 2001ರಲ್ಲಿ ಗಾರ್ಮಾರ್ನಾ ಕೈಗೆತ್ತಿಕೊಂಡದ್ದು ಜರ್ಮನಿಯ ಸನ್ಯಾಸಿನಿ ಹಿಲ್ಡೆಗಾರ್ಡಳ ರಚನೆಗಳನ್ನು. ಈಕೆ ಹನ್ನೆರಡನೇ ಶತಮಾನದವಳು. ಅಂದರೆ ನಮ್ಮ ಬಸವಣ್ಣ, ಅಕ್ಕಮಹಾದೇವಿಯರ ಕಾಲದವಳು.

● ಅಲ್ಲಿಂದ ಮುಂದಿನ ಆಲ್ಬಂಗೆ 15 ವರ್ಷ! 2016ರಲ್ಲಿ ಬಂದ ಅದರ ಹೆಸರು ಬರೀ ‘6’. ತಂಡ ಅದರಲ್ಲಿ ಹೊಸ ಹಾಡು, ಎಲೆಕ್ಟ್ರಾನಿಕ್ ನಾದಗಳತ್ತ ವಾಲಿತ್ತು. 2020ರ ‘ಫೋರ್ಬುಂಡೆಟ್’ನಲ್ಲಿ ಮತ್ತೆ ಹಳೇ ಲಾವಣಿಗಳ ದಾರಿಗೇ ಮರಳಿತು. ಷರೀಫರನ್ನು ನೆಚ್ಚಿದ ನಮ್ಮವರಿಗೆ ಇದು ಹೊಸ ಮಾತಲ್ಲ. ಬ್ಯಾಂಡಿಗೆ ವಯಸ್ಸಾಗುತ್ತದೆ, ಪದಕ್ಕೆ ಆಗುವುದಿಲ್ಲ.

● ‘ಕಾಣದ ಕಡಲಿಗೆ’ ಎಂದೊಡನೆ ಅಶ್ವತ್ಥರ ದನಿ ನೆನಪಾಗುತ್ತದೆ. ಆ ಕವಿತೆ ಜಿ.ಎಸ್. ಶಿವರುದ್ರಪ್ಪನವರದು. 2013ರ ಡಿಸೆಂಬರಿನಲ್ಲಿ ಅವರ ಅಂತ್ಯಕ್ರಿಯೆ ನಡೆದದ್ದು ನಮ್ಮ ಪಶ್ಚಿಮ ಬೆಂಗಳೂರಿನಲ್ಲೇ, ಜ್ಞಾನಭಾರತಿ ಪಕ್ಕದ ಮಲ್ಲತ್ತಹಳ್ಳಿ ಕಲಾಗ್ರಾಮದಲ್ಲಿ.

● ಹಳೇ ಪದ ಹುಡುಕುವವರಿಗೆ ನಮ್ಮಲ್ಲೂ ಕಣಜವಿದೆ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. ಹಳ್ಳಿಹಳ್ಳಿಯ ಹಾಡುಗಾರರ ದನಿಯನ್ನು ಧ್ವನಿಮುದ್ರಿಸಿ, 1994ರಲ್ಲಿ 15 ಎಕರೆಯ ಜಾನಪದ ಲೋಕ ತೆರೆದರು. ಕೆಂಗೇರಿಯಿಂದ ಮೈಸೂರು ರಸ್ತೆ ಹಿಡಿದು ಬಿಡದಿ, ರಾಮನಗರ ದಾಟಿದರೆ ಸಿಗುತ್ತದೆ. ಬಸವೇಶ್ವರನಗರದ ಯಾವುದಾದರೂ ಮಹಡಿ ಕೋಣೆಯಲ್ಲಿ ಗಿಟಾರ್ ಹಿಡಿದ ಹುಡುಗರಿದ್ದರೆ, ಮುಂದಿನ ಆಲ್ಬಂನ ಹಾಡು ಹುಡುಕಲು ಒಂದು ಭಾನುವಾರ ಸಾಕು.